ಹೊಡೆಯುವ ಮಗ, ಮೊದಲ ಮಹಡಿಯ ಕೌನ್ಸೆಲಿಂಗ್: ಎಂಟು ಭೇಟಿಗಳ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಈ ಸೆಂಟರಿನ ಹೆಸರು ಬರೆಯುವುದಿಲ್ಲ. ನಮ್ಮದು ಚಿಕ್ಕ ಊರು. ಹೆಸರು ಹಾಕಿದರೆ ಅಲ್ಲಿಗೆ ಯಾರ ಮಗ ಹೋಗುತ್ತಿದ್ದ ಅಂತ ಸಂಜೆಯೊಳಗೆ ನನ್ನ ಗಿರಣಿಗೆ ಜೋಳ ತರುವವರಿಗೆಲ್ಲ ಗೊತ್ತಾಗುತ್ತದೆ. ಹಾಗಾದರೆ ಈ ರಿವ್ಯೂ ಯಾಕೆ ಅಂತ ಕೇಳಬಹುದು. ಇಂಥ ಸೆಂಟರುಗಳು ಈಗ ಸಣ್ಣ ಊರುಗಳಲ್ಲೂ ಶುರುವಾಗಿವೆ. ಒಳಗೆ ಹೋದರೆ ಏನು ಮಾಡುತ್ತಾರೆ, ದುಡ್ಡು ಎಷ್ಟು, ಏನು ಸಿಗುತ್ತೆ, ಏನು ಸಿಗೋದಿಲ್ಲ ಅಂತ ಹೋಗಿಬಂದ ಅಪ್ಪ ಅಮ್ಮಂದಿರು ಬರೆದಿದ್ದು ಹುಡುಕಿದೆ. ನನಗೆ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮಗನನ್ನು ಕೇಳಿಯೇ ಬರೆದಿದ್ದೇನೆ. ಅವನು ಓದಿ ಎರಡು ವಿಷಯ ತೆಗೆಸಿದ್ದಾನೆ.

ನನ್ನದು ಹಿಟ್ಟಿನ ಗಿರಣಿ. ಮಗನಿಗೆ 15 ವರ್ಷ, ಒಂಬತ್ತನೇ ಕ್ಲಾಸು. ಕಬಡ್ಡಿ ಚೆನ್ನಾಗಿ ಆಡುತ್ತಾನೆ. ಜುಲೈ ತಿಂಗಳ ಒಂದು ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಓಡಿದೆ. ಹೆಡ್‌ಮಾಸ್ಟರ ಮೇಜಿನ ಮೇಲೆ ಒಂದು ಲೀಟರಿನ ಸ್ಟೀಲ್ ಬಾಟಲಿ ಇತ್ತು. ಪ್ಲಾಸ್ಟಿಕ್ ಒಳ್ಳೆಯದಲ್ಲ ಅಂತ ನಾನೇ ತಂದುಕೊಟ್ಟಿದ್ದು. ಅದರ ತಳ ನಗ್ಗಿತ್ತು. ಅದೇ ಬಾಟಲಿಯಲ್ಲಿ ನನ್ನ ಮಗ ಪಕ್ಕದ ಬೆಂಚಿನ ಹುಡುಗನ ಹಣೆಗೆ ಹೊಡೆದಿದ್ದ. ನಾಲ್ಕು ಹೊಲಿಗೆ. ಆಸ್ಪತ್ರೆಯ ಖರ್ಚು 3,400 ರೂಪಾಯಿ ನಾನು ಕಟ್ಟಿದೆ. ಆ ಹುಡುಗನ ಅಪ್ಪ ಪೊಲೀಸ್ ಸ್ಟೇಷನ್ ತನಕ ಹೋಗಿ, ಮಕ್ಕಳ ವಿಷಯ ಬೇಡ ಅಂತ ವಾಪಸ್ ಬಂದರು. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಮನೆಗೆ ಬಂದು ಮಗನಿಗೆ ಹೊಡೆದೆ. ಯಾವುದರಲ್ಲಿ ಅಂತ ಆಮೇಲೆ ಹೇಳುತ್ತೇನೆ.

ಅದು ಮೊದಲ ಸಲವೂ ಅಲ್ಲ. ಫೆಬ್ರವರಿಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನ ಕಾಲರ್ ಹಿಡಿದಿದ್ದ. ಮೇ ತಿಂಗಳಲ್ಲಿ ಅಕ್ಕನನ್ನು ತಳ್ಳಿ, ಅವಳ ಮೊಣಕೈ ಬಾಗಿಲ ಚಿಲಕಕ್ಕೆ ತಾಗಿತ್ತು. ನಾವು ಅದನ್ನೆಲ್ಲ ವಯಸ್ಸಿನ ಬಿಸಿ ಅಂತ ಬಿಟ್ಟಿದ್ದೆವು.

ಆಗ ನಾನು ಮಾಡಿದ ಮೊದಲ ದಡ್ಡತನ ದಸರಾ ರಜೆಯ ಶಿಬಿರ. ಹತ್ತು ದಿನ, 14,000 ರೂಪಾಯಿ. ದಾರಿ ತಪ್ಪಿದ ಮಕ್ಕಳಿಗೆ ಶಿಸ್ತು ಅಂತ ಪಾಂಪ್ಲೆಟ್‌ನಲ್ಲಿ ಹಾಕಿದ್ದರು. ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸುವುದು, ಓಡಿಸುವುದು, ತಪ್ಪು ಮಾಡಿದರೆ ಎಲ್ಲರ ಮುಂದೆ ಮೊಣಕಾಲ ಮೇಲೆ ನಿಲ್ಲಿಸುವುದು, ಕೊನೆಯ ದಿನ ಅಪ್ಪ ಅಮ್ಮನ ಪಾದ ತೊಳೆಸಿ ಅಳಿಸುವುದು. ನಾನೂ ಅತ್ತೆ, ಸುಳ್ಳು ಹೇಳುವುದಿಲ್ಲ. ಮಗ ನಾಲ್ಕು ದಿನ ಬಹಳ ಮೆತ್ತಗಿದ್ದ. ಐದನೇ ದಿನ ಬಚ್ಚಲಮನೆ ಬಾಗಿಲಿಗೆ ಒದ್ದು ತಳದ ಹಲಗೆ ಮುರಿದ. ಶಿಬಿರದಿಂದ ಮೂರು ಹೊಸ ಗೆಳೆಯರ ನಂಬರ್ ತಂದಿದ್ದ. ಒಬ್ಬೊಬ್ಬರದೂ ಒಂದೊಂದು ಹೊಡೆದಾಟದ ಕತೆ. ಆ ಕತೆಗಳನ್ನು ಹೇಳುವಾಗ ಅವನ ಮುಖ ಅರಳುತ್ತಿತ್ತು.

ಆ ಬಾಗಿಲು ಮುರಿದ ರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ ಅದರ ಹೆಸರು. ಮನಸ್ಸಿನ ಕಷ್ಟಕ್ಕೆ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಹನ್ನೊಂದೂವರೆ ಆಗಿತ್ತು. ಗಿರಣಿಯೊಳಗೆ ಶಟರ್ ಎಳೆದುಕೊಂಡು, ಚೀಲದ ಮೇಲೆ ಕೂತು ಮಾತಾಡಿದೆ. ಆ ಕಡೆ ಒಬ್ಬ ಹೆಣ್ಣುಮಗಳು. ಮೊದಲು ಕೇಳಿದ್ದು ಮಗನ ಬಗ್ಗೆ ಅಲ್ಲ. ಈಗ ಮನೆಯಲ್ಲಿ ಯಾರಿಗಾದರೂ ಅಪಾಯ ಇದೆಯಾ ಅಂತ. ಆಮೇಲೆ, ಅವನು ಸಾಯುವ ಮಾತು ಆಡಿದ್ದಾನಾ ಅಂತ. ನನಗೆ ಸಿಟ್ಟೇ ಬಂತು. ಹೊಡೆಯುವವನು ಅವನು, ಸಾಯುವ ಮಾತು ಯಾಕೆ? ಈ ವಯಸ್ಸಿನಲ್ಲಿ ಎರಡೂ ಒಟ್ಟಿಗೆ ಇರಬಹುದು, ಅದಕ್ಕೇ ಕೇಳುವುದು ಅಂದರು. ಇಪ್ಪತ್ತೈದು ನಿಮಿಷ ಮಾತಾಡಿದರು. ಕೊನೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್ ಇರುತ್ತವೆ, ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ ಅಂತ ತಿಳಿಸಿದರು.

ನಾನು ಅಲ್ಲಿಗೆ ಹೋಗಲಿಲ್ಲ. ಅಲ್ಲಿ ನಮ್ಮ ಬೀದಿಯವರೊಬ್ಬರು ಕೆಲಸಕ್ಕಿದ್ದಾರೆ. ಅಷ್ಟೇ ಕಾರಣ. ಮರ್ಯಾದೆಗೆ ನಾನು 5,200 ರೂಪಾಯಿ ಖರ್ಚು ಮಾಡಿದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮೊದಲ ಭೇಟಿಗೆ 1,000, ಆಮೇಲಿನ ಏಳಕ್ಕೆ ತಲಾ 600.

ಸೆಂಟರ್ ಇರುವುದು ಒಂದು ಜೆರಾಕ್ಸ್ ಅಂಗಡಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು, ಹಿಡಿ ಇಲ್ಲ. ಒಳಗೆ ಎರಡು ಕೋಣೆ, ಹೊರಗೆ ಆರು ಪ್ಲಾಸ್ಟಿಕ್ ಕುರ್ಚಿ. ಶನಿವಾರ ಹೋದರೆ ಕುರ್ಚಿ ಸಿಗುವುದಿಲ್ಲ. ಬುಧವಾರ ಮಧ್ಯಾಹ್ನ ಹೋಗಿ. ಮುಂದೆ ಕೂರುವ ಹುಡುಗಿ ಒಳ್ಳೆಯವಳೇ, ಆದರೆ ಗಂಟಲು ದೊಡ್ಡದು. ಮೊದಲ ದಿನವೇ ನಮ್ಮ ಫೈಲ್ ಎತ್ತಿ, ಸಿಟ್ಟಿನ ಕೇಸು ಯಾರದು ಅಂತ ಕೂಗಿದಳು. ಕೂತ ಐದೂ ಜನ ನಮ್ಮನ್ನು ನೋಡಿದರು. ಮಗ ಎದ್ದು ಮೆಟ್ಟಿಲು ಇಳಿದು ಹೋಗಿಬಿಟ್ಟ. ಕೆಳಗೆ ಹೋಗಿ ಒಂದು ಗಂಟೆ ಬೇಡಿಕೊಂಡು ಕರೆತಂದೆ. ಇದಕ್ಕೇ ಒಂದು ಸ್ಟಾರ್ ಕಟ್. ಹೇಳಿದ ಮೇಲೆ ತಿದ್ದಿಕೊಂಡರು, ಈಗ ಟೋಕನ್ ನಂಬರ್ ಕರೆಯುತ್ತಾರೆ. ಆದರೂ ಕಟ್.

ಕೌನ್ಸೆಲಿಂಗ್ ಮಾಡುವ ಮೇಡಂ ನಲವತ್ತರ ಆಸುಪಾಸು. ಗೋಡೆ ಮೇಲೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸರ್ಟಿಫಿಕೇಟ್ ಇತ್ತು. ಇದು ಮುಖ್ಯ, ನನಗೂ ಆಮೇಲೆ ಗೊತ್ತಾಗಿದ್ದು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಬೇಕಾದರೆ ಆ ಪರಿಷತ್ತಿನಲ್ಲಿ ಹೆಸರು ನೋಂದಣಿ ಆಗಿರಬೇಕು. ಎರಡು ವಾರದ ಕೋರ್ಸ್ ಮಾಡಿ ಕೌನ್ಸೆಲರ್ ಅಂತ ಬೋರ್ಡ್ ನೇತು ಹಾಕುವವರೂ ಇದ್ದಾರೆ. ಕೇಳಲು ಸಂಕೋಚ ಪಡಬೇಡಿ. ಇನ್ನೊಂದು, ಇವರು ಮಾತ್ರೆ ಬರೆಯುವ ಹಾಗಿಲ್ಲ. ಮಾತ್ರೆ ಬೇಕು ಅನಿಸಿದರೆ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ನಮಗೆ ಬೇಕಾಗಲಿಲ್ಲ.

ಮೊದಲ ಭೇಟಿ ಒಂದೂವರೆ ಗಂಟೆ. ನಾನು ಹೋಗಿದ್ದು ಮಗನಿಗೆ ಬುದ್ಧಿ ಹೇಳಿಸಲು. ಮಿಕ್ಸಿ ರಿಪೇರಿಗೆ ಕೊಟ್ಟಂಗೆ ಕೊಟ್ಟು, ಸಂಜೆ ತಗೊಂಡು ಹೋಗೋದು ಅಂದುಕೊಂಡಿದ್ದೆ. ಆಯಮ್ಮ ಬುದ್ಧಿಮಾತು ಒಂದೂ ಆಡಲಿಲ್ಲ. ಬರೀ ಪ್ರಶ್ನೆ. ಹುಟ್ಟಿದ ಕೂಡಲೇ ಅತ್ತನಾ? ಫಿಟ್ಸ್ ಬಂದಿತ್ತಾ? ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದ್ದುಂಟಾ? ಓದಲು ಮೊದಲಿನಿಂದ ಕಷ್ಟ ಇತ್ತಾ? ಒಂದು ಕಡೆ ಕೂರುತ್ತಿದ್ದನಾ? ಮನೆಯಲ್ಲಿ ಕುಡಿಯುವವರು ಯಾರು? ಯಾರು ಯಾರಿಗೆ ಹೊಡೆಯುತ್ತಾರೆ? ಈ ಕೊನೆಯದಕ್ಕೆ ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ.

ಆಮೇಲೆ ಒಂದು ಪ್ರಶ್ನೆ ಬಂತು, ಅದು ಇನ್ನೂ ತಲೆಯಲ್ಲಿದೆ. ಮೊದಲ ಸಲ ಯಾರಿಗೆ ಹೊಡೆದ? ನಾನು ಫೆಬ್ರವರಿ ಅಂದೆ. ಅದಕ್ಕೂ ಮುಂಚೆ ಅಂದರು. ಹೆಂಡತಿಗೆ ನೆನಪಾಯಿತು. ಎರಡು ವರ್ಷದವನಿದ್ದಾಗ ಅಕ್ಕನ ತೋಳು ಕಚ್ಚಿ ನೀಲಿ ಮಾಡುತ್ತಿದ್ದ. ಮೇಡಂ ನಕ್ಕರು. ಮನುಷ್ಯ ಜಾಸ್ತಿ ಕೈ ಮಾಡುವುದು ಹದಿನೈದರಲ್ಲಿ ಅಲ್ಲವಂತೆ, ಎರಡು ಮೂರು ವರ್ಷದಲ್ಲಂತೆ. ಕಚ್ಚೋದು, ಜುಟ್ಟು ಎಳೆಯೋದು, ಒದೆಯೋದು. ಪೆಟ್ಟು ಬೀಳೋದಿಲ್ಲ, ಅದಕ್ಕೆ ನಾವು ಲೆಕ್ಕಕ್ಕೆ ಇಡೋದಿಲ್ಲ ಅಷ್ಟೇ. ಆಮೇಲೆ ಮಾತು ಬರುತ್ತೆ, ಕಾಯೋದು ಬರುತ್ತೆ, ಹೆಚ್ಚಿನ ಮಕ್ಕಳಲ್ಲಿ ಹೊಡೆಯೋದು ಕಡಿಮೆ ಆಗುತ್ತೆ. ಹಾಗಾಗಿ ಇವನು ಎಲ್ಲಿಂದ ಹೊಡೆಯೋದು ಕಲಿತ ಅನ್ನೋದಕ್ಕಿಂತ, ಬಿಟ್ಟಿದ್ದನ್ನು ಮತ್ತೆ ಯಾಕೆ ಹಿಡಿದ ಅಂತ ಕೇಳಬೇಕು ಅಂದರು.

ಇವನು ಬಿಟ್ಟಿದ್ದ. ನಾಲ್ಕು ವರ್ಷಕ್ಕೇ ಬಿಟ್ಟಿದ್ದ. ಹದಿನಾಲ್ಕು ತುಂಬೋವರೆಗೂ ಒಂದು ದೂರು ಇರಲಿಲ್ಲ. ಅದನ್ನು ಕೇಳಿ ಮೇಡಂ ಸ್ವಲ್ಪ ನಿರಾಳವಾದಂತೆ ಕಂಡಿತು. ನ್ಯೂಜಿಲೆಂಡಿನ ಡುನೆಡಿನ್ ಅನ್ನುವ ಊರಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅವತ್ತಿನಿಂದ ಇವತ್ತಿನ ತನಕ ಬಿಡದೆ ನೋಡಿಕೊಂಡು ಬಂದಿದ್ದಾರಂತೆ. ಅದರಲ್ಲಿ ಎರಡು ದಾರಿ ಕಂಡವಂತೆ. ಕೆಲವರು ಚಿಕ್ಕಂದಿನಿಂದಲೇ ಶುರು ಮಾಡಿ ದೊಡ್ಡವರಾದರೂ ಬಿಡೋದಿಲ್ಲ, ಅವರು ಕಡಿಮೆ ಜನ. ಇನ್ನು ಕೆಲವರು ಹದಿಹರೆಯದಲ್ಲಿ ಶುರು ಮಾಡುತ್ತಾರೆ, ಅವರಲ್ಲಿ ಹೆಚ್ಚಿನವರು ದೊಡ್ಡವರಾಗುತ್ತಾ ಬಿಡುತ್ತಾರೆ, ಅವರೇ ಜಾಸ್ತಿ. ಹಾಗಂತ ಸುಮ್ನೆ ಕೂರೋ ಹಾಗಿಲ್ಲ, ಬಿಡೋದರೊಳಗೆ ಯಾರದಾದರೂ ಕಣ್ಣು ಹೋಗಿರಬಹುದು ಅಂತಲೂ ಹೇಳಿದರು. ಬಾಟಲಿ ಎರಡು ಇಂಚು ಕೆಳಗೆ ಬಿದ್ದಿದ್ದರೆ ಕಣ್ಣೇ.

ಎರಡನೇ ಭೇಟಿಗೆ ಮಗ ಒಬ್ಬನೇ ಒಳಗೆ. ಅದಕ್ಕೂ ಮುಂಚೆ ನಮ್ಮ ಮೂವರನ್ನೂ ಕೂರಿಸಿ ಒಂದು ಕರಾರು. ಅವನು ಹೇಳಿದ್ದನ್ನು ನಿಮಗೆ ಹೇಳೋದಿಲ್ಲ. ಮೂರು ವಿಷಯ ಬಿಟ್ಟು. ತನಗೆ ತಾನೇ ಏನಾದರೂ ಮಾಡಿಕೊಳ್ಳುತ್ತೇನೆ ಅಂದರೆ, ಇನ್ನೊಬ್ಬರಿಗೆ ಮಾಡುತ್ತೇನೆ ಅಂದರೆ, ಅವನಿಗೆ ಯಾರಾದರೂ ಕೆಟ್ಟದ್ದು ಮಾಡುತ್ತಿದ್ದರೆ. ದುಡ್ಡು ಕೊಡೋನು ನಾನು, ನನಗೇ ಹೇಳಲ್ವಾ ಅಂತ ಒಳಗೊಳಗೇ ಉರಿಯಿತು. ಹೊರಗೆ ಕೂತು ಐವತ್ತು ನಿಮಿಷ ಜೆರಾಕ್ಸ್ ಮಷಿನ್ ಸದ್ದು ಕೇಳಿದೆ. ಗೋಡೆ ತೆಳು, ಮಾತು ಅರ್ಥ ಆಗೋದಿಲ್ಲ, ಆದರೆ ದನಿ ಕೇಳುತ್ತೆ. ನನ್ನ ಮಗ ಅಷ್ಟು ಹೊತ್ತು ಮಾತಾಡಿದ್ದನ್ನು ಆ ವರ್ಷ ನಾನು ಕೇಳಿರಲಿಲ್ಲ.

ಈಗ ನನ್ನ ಥಿಯರಿಗಳ ಕತೆ. ಮೊದಲ ಥಿಯರಿ ಗೇಮು. ಮೊಬೈಲಿನಲ್ಲಿ ಢಂ ಢಂ ಅಂತ ಸುಡುವ ಗೇಮು. ಮೇಡಂ ಗೇಮ್ ಒಳ್ಳೆಯದು ಅನ್ನಲಿಲ್ಲ. ಆದರೆ ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಎಲ್ಲ ಅಧ್ಯಯನಗಳನ್ನು ಮತ್ತೆ ನೋಡಿ ಹೇಳಿದ್ದನ್ನು ತಿಳಿಸಿದರು. ಇಂಥ ಗೇಮಿಗೂ ಕೂಗಾಟ, ತಳ್ಳಾಟಕ್ಕೂ ಸಣ್ಣ ನಂಟು ಇದೆ. ರಕ್ತ ಬರೋ ಹಾಗೆ ಹೊಡೆಯುವುದಕ್ಕೆ ಗೇಮೇ ಕಾರಣ ಅನ್ನಲು ಸಾಕಷ್ಟು ಪುರಾವೆ ಇಲ್ಲ. ಬಾಟಲಿಯ ದಿನ ಇವನು ಗೇಮ್ ಆಡಿರಲೇ ಇಲ್ಲ, ಹಿಂದಿನ ರಾತ್ರಿ ಮೊಬೈಲ್ ನಮ್ಮ ಹತ್ತಿರ ಇತ್ತು. ಹಾಗಾದರೆ ಗೇಮ್ ಬಿಡಿ, ಗಂಟೆ ಹೇಳಿ ಅಂದರು. ಯಾವಾಗ ಮಲಗುತ್ತಾನೆ? ಒಂದೂವರೆ. ಯಾವಾಗ ಏಳುತ್ತಾನೆ? ಆರು ಗಂಟೆ ಟ್ಯೂಷನ್ನಿಗೆ ಐದೂವರೆ. ನಾಲ್ಕು ಗಂಟೆ ನಿದ್ದೆ. ಈ ವಯಸ್ಸಿಗೆ ಬೇಕಾದ್ದು ಎಂಟರಿಂದ ಹತ್ತು ಗಂಟೆ. ನಿಮಗೆ ನಾಲ್ಕು ಗಂಟೆ ನಿದ್ದೆ ಕೊಟ್ಟು ಗಿರಣಿಯಲ್ಲಿ ಕೂರಿಸಿದರೆ ಗಿರಾಕಿ ಹತ್ತಿರ ಹೇಗೆ ಮಾತಾಡ್ತೀರಿ ಅಂದರು. ನಾನು ಉತ್ತರ ಕೊಡಲಿಲ್ಲ. ನಾನು ಎಂಟು ಗಂಟೆ ಮಲಗಿದರೂ ಕೆಲವರ ಹತ್ತಿರ ಸರಿಯಾಗಿ ಮಾತಾಡೋದಿಲ್ಲ.

ಎರಡನೇ ಥಿಯರಿ ವಯಸ್ಸು, ಹಾರ್ಮೋನು. ಸಿಟ್ಟು ಬರಿಸುವ ಭಾಗ ಬೇಗ ಬಲಿಯುತ್ತೆ, ತಡೆಯುವ ಮುಂಭಾಗ ಇಪ್ಪತ್ತೈದರ ತನಕ ಬಲಿಯುತ್ತಲೇ ಇರುತ್ತೆ ಅಂತ ಮೇಡಂ ಮಿದುಳಿನ ಚಿತ್ರ ತೋರಿಸಿದರು. ನಾನು ಬುದ್ಧಿವಂತನಂತೆ ಕೇಳಿದೆ, ಹಾಗಾದರೆ ಕ್ಲಾಸಿನ ನಲವತ್ತು ಹುಡುಗರೂ ಹೊಡೆದಾಡಬೇಕಿತ್ತಲ್ಲ? ಅದೇ ನಾನೂ ಹೇಳೋದು ಅಂದರು. ಅದು ಹೊಲ. ಹೊಲ ಎಲ್ಲರಿಗೂ ಒಂದೇ. ಬಿತ್ತಿದ್ದು ಬೇರೆ.

ಮೂರನೇ ಭೇಟಿಯಲ್ಲಿ ಅವನಿಗೆ ಕೆಲವು ಚಿತ್ರ ತೋರಿಸಿದರಂತೆ. ಇದನ್ನು ಅವನೇ ನನಗೆ ಹೇಳಿದ, ಅದಕ್ಕೆ ಬರೆಯುತ್ತಿದ್ದೇನೆ. ಒಬ್ಬನ ಬ್ಯಾಗು ಇನ್ನೊಬ್ಬನಿಗೆ ತಾಗುತ್ತದೆ. ಇಬ್ಬರು ದೂರದಲ್ಲಿ ನಗುತ್ತಿದ್ದಾರೆ. ಒಬ್ಬ ದಾರಿಯಲ್ಲಿ ಸಿಕ್ಕಿ ಮಾತಾಡಿಸದೆ ಹೋಗುತ್ತಾನೆ. ಇವರು ಯಾಕೆ ಹೀಗೆ ಮಾಡಿದರು? ಹನ್ನೆರಡು ಚಿತ್ರದಲ್ಲಿ ಹತ್ತಕ್ಕೆ ಇವನ ಉತ್ತರ, ಬೇಕಂತಲೇ. ಹೊಡೆಯುವ ಮಕ್ಕಳಲ್ಲಿ ಇದು ಬಹಳ ಕಾಣಿಸುತ್ತಂತೆ. ಸುಮ್ಮನೆ ಆಗಿದ್ದನ್ನೂ ತನಗೇ ಮಾಡಿದ್ದು ಅಂತ ಓದಿಕೊಳ್ಳುವುದು. ಆದರೆ ಮೇಡಂ ಅಲ್ಲಿಗೇ ನಿಲ್ಲಿಸಲಿಲ್ಲ. ಕೆಲವು ಮಕ್ಕಳು ಹಾಗೆ ಓದಿಕೊಳ್ಳಲು ಕಾರಣ ಇರುತ್ತೆ, ಅವರಿಗೆ ಬೇಕಂತಲೇ ಮಾಡಿರ್ತಾರೆ ಅಂದರಂತೆ. ಆಗ ಅವನು ಬಾಯಿ ಬಿಟ್ಟ.

ಶಾಲೆಯಲ್ಲಿ ಅವನನ್ನು ಬೂಷ್ಟು ಅಂತ ಕರೆಯುತ್ತಾರೆ. ಎರಡು ವರ್ಷದಿಂದ. ಟ್ಯೂಷನ್ ಮುಗಿಸಿ ಬಂದು ಅರ್ಧ ಗಂಟೆ ಗಿರಣಿಯಲ್ಲಿ ನನಗೆ ಕೈ ಜೋಡಿಸಿ, ಹಾಗೇ ಶಾಲೆಗೆ ಓಡುತ್ತಿದ್ದ. ತಲೆ, ಹುಬ್ಬು, ಕಿವಿ ಸಂದಿಯಲ್ಲಿ ಬಿಳಿ ಹಿಟ್ಟು. ಬೂಷ್ಟು ಹಿಡಿದ ರೊಟ್ಟಿ ಅಂತ ಯಾರೋ ಅಂದರು, ಹೆಸರು ನಿಂತಿತು. ಬಾಟಲಿಯ ದಿನ ಆ ಹುಡುಗ ಡಸ್ಟರ್ ತಂದು ಇವನ ತಲೆ ಮೇಲೆ ಕೊಡವಿದ್ದ. ಇನ್ನೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದ. ವಿಡಿಯೋ ಕ್ಲಾಸಿನ ಗ್ರೂಪಿಗೆ ಹೋಗುವ ಮುಂಚೆ ಬಾಟಲಿ ಬಿದ್ದಿತ್ತು.

ನನಗೆ ಕಣ್ಣು ಕತ್ತಲೆ ಬಂತು. ಈಗಲೇ ಶಾಲೆಗೆ ಹೋಗುತ್ತೇನೆ ಅಂತ ಎದ್ದೆ. ಮೇಡಂ ಕೂರಿಸಿದರು. ಇದು ಯಾಕೆ ಹೊಡೆದ ಅನ್ನೋದಕ್ಕೆ ಉತ್ತರ, ಹೊಡೆದದ್ದು ಸರಿ ಅನ್ನೋದಕ್ಕೆ ಅಲ್ಲ, ಆ ಹುಡುಗನ ಹಣೆ ಮೇಲಿನ ಗಾಯ ಹಾಗೇ ಇದೆ ಅಂದರು. ನನ್ನ ಮಗನೂ ಅಲ್ಲೇ ಕೂತಿದ್ದ. ತಲೆ ಅಲ್ಲಾಡಿಸಿದ. ನನಗಿಂತ ಮುಂಚೆ ಅವನಿಗೆ ಅರ್ಥ ಆಗಿತ್ತು.

ಇದರ ಜತೆಗೆ ಅಜ್ಜನ ವಿಷಯ. ನನ್ನ ಅಪ್ಪ ಜನವರಿಯಲ್ಲಿ ತೀರಿಕೊಂಡರು. ಹತ್ತು ವರ್ಷದಿಂದ ಇವನು ಮಲಗುತ್ತಿದ್ದುದು ಅಜ್ಜನ ಪಕ್ಕ. ಅಪ್ಪ ಹೋದ ಮೇಲೆ ಆ ಕೋಣೆ ಇವನಿಗೇ ಆಯಿತು, ನಾವು ದೊಡ್ಡ ಉಪಕಾರ ಮಾಡಿದವರಂತೆ ಕೊಟ್ಟೆವು. ಮೊಬೈಲ್ ಒಂದೂವರೆ ತನಕ ಹೋಗಿದ್ದು ಆವಾಗಲೇ. ತಿಥಿಯ ದಿನ ಇವನು ಅಳಲಿಲ್ಲ, ಗಟ್ಟಿ ಹುಡುಗ ಅಂತ ನೆಂಟರೆಲ್ಲ ಹೊಗಳಿದರು. ಈ ವಯಸ್ಸಿನಲ್ಲಿ ದುಃಖ ಅಳುವಾಗಿ ಬರುವುದಕ್ಕಿಂತ ಸಿಡುಕಾಗಿ ಬರಬಹುದು, ಖಿನ್ನತೆ ಕೂಡ ಹಾಗೇ ಬರಬಹುದು ಅಂತ ಮೇಡಂ ಹೇಳಿದರು. ಫೋನಿನ ಹೆಣ್ಣುಮಗಳು ಸಾಯುವ ಮಾತು ಯಾಕೆ ಕೇಳಿದರು ಅಂತ ಆಗ ಗೊತ್ತಾಯಿತು. ಜನವರಿಯಲ್ಲಿ ಸಾವು, ಫೆಬ್ರವರಿಯಲ್ಲಿ ಮೊದಲ ಜಗಳ. ಎರಡು ಪಕ್ಕಪಕ್ಕದ ತಿಂಗಳು, ನಮಗೆ ಹೊಳೆದೇ ಇರಲಿಲ್ಲ.

ಐದನೇ ಭೇಟಿ ನನ್ನೊಬ್ಬನದು. ಇದಕ್ಕೂ 600 ರೂಪಾಯಿ. ಮಗ ಮನೆಯಲ್ಲಿ, ನಾನು ಕುರ್ಚಿಯಲ್ಲಿ.

ಗಿರಣಿಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಅದರಲ್ಲಿ ಹಳೆ ಮಷಿನ್ ಬೆಲ್ಟಿನ ಒಂದು ಮೊಳ ಉದ್ದದ ತುಂಡು ನೇತಾಡುತ್ತಿತ್ತು. ನನ್ನ ಅಪ್ಪ ನನಗೆ ಅಂಥದ್ದರಲ್ಲೇ ಹೊಡೆಯುತ್ತಿದ್ದರು. ಬೆಲ್ಟ್ ಬದಲಾಗಿದೆ, ಮೊಳೆ ಅದೇ. ನಾನು ದಿನಾ ಹೊಡೆಯುವವನಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಸಲ. ಬಾಟಲಿಯ ದಿನ ರಾತ್ರಿ ಹೊಡೆದಿದ್ದು ಅದರಲ್ಲೇ, ಹೊಡೆಯುತ್ತಾ ಹೇಳಿದ್ದು ಏನು ಗೊತ್ತಾ? ಇನ್ನೊಬ್ಬರಿಗೆ ಹೊಡೀತೀಯಾ, ಹೊಡೀತೀಯಾ ಅಂತ. ಇದನ್ನು ಬಾಯಲ್ಲಿ ಹೇಳುವಾಗಲೇ ನನಗೆ ಕೇಳಿಸಿದ್ದು.

ಆಗ ನನ್ನ ಮೂರನೇ ಥಿಯರಿ ತಯಾರಾಯಿತು. ಎಲ್ಲದಕ್ಕೂ ನಾನೇ ಕಾರಣ. ಕಣ್ಣಲ್ಲಿ ನೀರು ಬಂತು. ಹಳೇ ಕಾಲದಲ್ಲಿ ನಮ್ಮಲ್ಲಿ ಖಾರಕ್ಕೆ ಬೇರೆ ಮಷಿನ್ ಇರಲಿಲ್ಲ. ಮೆಣಸಿನಕಾಯಿ ಬೀಸಿದ ಮೇಲೆ ಒಂದು ಸೇರು ನುಚ್ಚು ಹಾಕಿ ಕಲ್ಲು ತೊಳೆದಂತೆ ಮಾಡುತ್ತಿದ್ದೆವು. ಆದರೂ ಮುಂದೆ ಗೋಧಿ ತಂದವರ ಚಪಾತಿ ಸ್ವಲ್ಪ ಖಾರವೇ. ನನ್ನ ಅಪ್ಪನ ಖಾರ ನನ್ನಲ್ಲಿ, ನನ್ನದು ಅವನಲ್ಲಿ ಅಂದೆ. ಮೇಡಂ ಇದನ್ನು ಫೈಲಿನಲ್ಲಿ ಬರೆದುಕೊಂಡರು, ಇನ್ನೊಬ್ಬರಿಗೆ ಹೇಳಬಹುದಾ ಅಂತಲೂ ಕೇಳಿದರು. ಆದರೆ ಥಿಯರಿ ಒಪ್ಪಲಿಲ್ಲ. ಮನೆಯಲ್ಲಿ ಹೊಡೆತ ತಿನ್ನುವ ಮಕ್ಕಳು ಹೊರಗೆ ಹೊಡೆಯುವ ಸಾಧ್ಯತೆ ಜಾಸ್ತಿ, ಅದು ನಿಜ ಅಂದರು. ಆದರೆ ನೀವು ಮೊದಲಿನಿಂದ ಹೊಡೀತಿದ್ರಿ, ಅವನು ಹದಿನಾಲ್ಕರ ತನಕ ಯಾರಿಗೂ ಹೊಡೆದಿರಲಿಲ್ಲ. ಅಜ್ಜ ಹೋಗದಿದ್ದರೆ, ನಿದ್ದೆ ಇದ್ದಿದ್ದರೆ, ಬೂಷ್ಟು ಅನ್ನದಿದ್ದರೆ, ಕ್ಲಾಸಿನಲ್ಲಿ ಮೊಬೈಲ್ ಇಲ್ಲದಿದ್ದರೆ? ಎಲ್ಲ ನನ್ನಿಂದಲೇ ಅಂತ ಒಂದು ಕಾರಣ ಹಿಡಿದುಕೊಂಡು ಅಳುತ್ತಾ ಮನೆಗೆ ಹೋಗೋದು ಸುಲಭ, ನಾಳೆ ಅವನ ಟ್ಯೂಷನ್ ಟೈಮ್ ಬದಲಾಯಿಸೋದು ಕಷ್ಟ, ಆ ಕಷ್ಟದ್ದು ಮಾಡಿ ಅಂದರು.

ಸಿಟ್ಟು ಬಂತು ನನಗೆ. ಅಳುವವನಿಗೆ ಹೀಗನ್ನುತ್ತಾರಾ? ಇಡೀ ದಾರಿ ಗೊಣಗಿಕೊಂಡು ಬಂದೆ. ಬಂದವನು ಬೆಲ್ಟ್ ತೆಗೆದೆ. ಟ್ಯೂಷನ್ ಮೇಷ್ಟ್ರಿಗೆ ಫೋನ್ ಮಾಡಿ ಸಂಜೆ ಬ್ಯಾಚಿಗೆ ಹಾಕಿಸಿದೆ.

ಮನೆಗೆ ಕೊಟ್ಟ ಕೆಲಸ ಸಣ್ಣದು. ನಲವತ್ತು ಪುಟದ ಎರಡು ನೋಟ್‌ಬುಕ್ಕು. ಒಂದು ಅವನಿಗೆ, ಒಂದು ನನಗೆ. ಸಿಟ್ಟು ಬಂದಾಗೆಲ್ಲ ಮೂರು ಕಾಲಂ ತುಂಬಬೇಕು. ಅದಕ್ಕೆ ಮುಂಚಿನ ಅರ್ಧ ಗಂಟೆ ಏನಾಯಿತು, ಏನು ಮಾಡಿದೆ, ಆಮೇಲೆ ಏನಾಯಿತು. ನಾನು ಎರಡು ದಿನ ಬರೆದು ಬಿಟ್ಟೆ. ಅವನು ಇಪ್ಪತ್ತೊಂದು ದಿನ ಬರೆದ. ಅವನದರಲ್ಲಿ ಮುಂಚಿನ ಅರ್ಧ ಗಂಟೆ ಅನ್ನುವ ಕಾಲಮ್ಮೇ ಉದ್ದ. ಹಸಿವು ಅಂತ ಐದು ಸಲ ಬರೆದಿದ್ದ. ಬೆಳಿಗ್ಗೆ ತಿಂಡಿ ತಿನ್ನದೆ ಗಿರಣಿಯಿಂದ ನೇರ ಶಾಲೆಗೆ ಓಡುತ್ತಿದ್ದ ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರಮ್ಮ ಗಿರಣಿಯಲ್ಲಿ ತಿಂದಿರಬೇಕು ಅಂದುಕೊಂಡಿದ್ದಳು, ನಾನು ಮನೆಯಲ್ಲಿ ತಿಂದಿರಬೇಕು ಅಂದುಕೊಂಡಿದ್ದೆ. ಈಗ ಬೆಳಿಗ್ಗೆ ಗಿರಣಿ ಕೆಲಸ ಇಲ್ಲ, ಭಾನುವಾರ ಮಾತ್ರ. ಮೊಬೈಲ್ ರಾತ್ರಿ ಹತ್ತಕ್ಕೆ ಗಿರಣಿಯ ಮೊಳೆಗೆ. ಹೌದು, ಅದೇ ಮೊಳೆಗೆ, ಚಾರ್ಜರ್ ಸಮೇತ. ನನ್ನ ಮೊಬೈಲೂ ಜತೆಗೆ, ಅದು ಅವನ ಕಂಡೀಷನ್.

ಶಿಬಿರದ ಬಗ್ಗೆ ಕೇಳಿದೆ. ಅಮೆರಿಕದಲ್ಲಿ ಪುಂಡ ಹುಡುಗರನ್ನು ಜೈಲಿಗೆ ಕರೆದುಕೊಂಡು ಹೋಗಿ, ಕೈದಿಗಳಿಂದ ಹೆದರಿಸಿ, ದಾರಿಗೆ ತರುವ ಕಾರ್ಯಕ್ರಮಗಳಿದ್ದವಂತೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಹೋಗದ ಹುಡುಗರಿಗಿಂತ ಹೋಗಿ ಬಂದವರೇ ಮುಂದೆ ಜಾಸ್ತಿ ತಪ್ಪು ಮಾಡಿದ್ದರಂತೆ. ಹೊಡೆದಾಡುವ ಹುಡುಗರನ್ನೇ ಒಟ್ಟು ಹಾಕಿದರೆ ಒಬ್ಬರಿಗೊಬ್ಬರು ಶಭಾಷ್ ಅಂದುಕೊಳ್ಳುವುದೂ ಒಂದು ಕಾರಣವಂತೆ. ನನ್ನ 14,000 ನೆನಪಾಯಿತು. ಇದಕ್ಕಿಂತ ಮುಂಚೆ ಯಾರೂ ಹೇಳಲಿಲ್ಲವಲ್ಲ ಅಂತ ಬೇಜಾರೂ ಆಯಿತು.

ಗುಣ ಆಯಿತಾ ಅಂತ ಕೇಳುತ್ತೀರಿ. ನನ್ನ ಅಣ್ಣನೂ ಅದನ್ನೇ ಕೇಳಿದ. ಆರನೇ ಭೇಟಿ ಆದ ಮೇಲೂ ಒಂದು ಸಲ ಚಾರ್ಜರ್ ಎಸೆದು ಟಿವಿಯ ಮೂಲೆ ಒಡೆದ. ಏಳನೆಯದಾದ ಮೇಲೆ ಅಕ್ಕನ ಮೇಲೆ ಕೈ ಎತ್ತಿದ, ಎತ್ತಿದ ಕೈ ಹಾಗೇ ಗೋಡೆಗೆ ಒತ್ತಿ ನಿಂತು, ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ಕೆರೆ ಏರಿ ಮೇಲೆ ನಡೆದು ಒಂದು ಗಂಟೆಗೆ ಬಂದ. ಹೊರಗೆ ಹೋಗೋದು ಅವನೂ ಮೇಡಮ್ಮೂ ಸೇರಿ ಮಾಡಿಕೊಂಡ ಉಪಾಯ ಅಂತೆ. ಶಾಲೆಯಲ್ಲಿ ಹೊಡೆದಾಟ ಇಲ್ಲ. ಬೂಷ್ಟು ಅನ್ನೋದು ಪೂರ್ತಿ ನಿಂತಿಲ್ಲ. ಹೆಡ್‌ಮಾಸ್ಟರ ಹತ್ತಿರ ನಾನು ಮಾತಾಡಿದೆ, ವಿಡಿಯೋ ಗ್ರೂಪಿನದ್ದೂ ಹೇಳಿದೆ. ಆ ಹುಡುಗನ ಹತ್ತಿರ ಕ್ಷಮೆ ಕೇಳು ಅಂತ ಮೇಡಂ ಒಮ್ಮೆಯೂ ಹೇಳಲಿಲ್ಲ, ಅದು ನನಗೆ ಇಷ್ಟ ಆಗಲಿಲ್ಲ. ಈಗಲೂ ಇಷ್ಟ ಇಲ್ಲ. ಕೇಳಿಸಬೇಕಿತ್ತು. ಅವನಾಗಿ ಕೇಳಿದರೆ ಮಾತ್ರ ಅದಕ್ಕೆ ಬೆಲೆ ಅನ್ನುವುದು ಅವರ ವಾದ. ಇವನು ಇನ್ನೂ ಕೇಳಿಲ್ಲ. ಕಬಡ್ಡಿಯಲ್ಲಿ ಇಬ್ಬರೂ ಈಗ ಒಂದೇ ಟೀಮು.

ಇನ್ನೆರಡು ದೂರು. ಕೊನೆಗೆ ಕೊಟ್ಟ ರಿಪೋರ್ಟು ಮೂರು ಪುಟ, ಪೂರ್ತಿ ಇಂಗ್ಲಿಷ್. ಅದರಲ್ಲಿ ಡಿಸಾರ್ಡರ್ ಅನ್ನುವ ಪದ ನೋಡಿ ನನ್ನ ಹೆಂಡತಿ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಮಗಳು ಓದಿ ನೋಡಿದರೆ, ಅದು ಇಲ್ಲ ಅಂತ ಬರೆದಿದ್ದರು. ಕನ್ನಡದಲ್ಲಿ ಕೊಡಿ ಅಂದ ಮೇಲೆ ಮೇಡಂ ಕೈಬರಹದಲ್ಲಿ ಒಂದು ಪುಟ ಬರೆದು ಕೊಟ್ಟರು. ಅದು ಚೆನ್ನಾಗಿದೆ. ಅದನ್ನೇ ಮೊದಲು ಕೊಡಬೇಕಿತ್ತು. ಇನ್ನೊಂದು, ನೀರು ಕುಡಿಯಲು ಅಲ್ಲಿ ವ್ಯವಸ್ಥೆ ಇಲ್ಲ. ಬಾಟಲಿ ತಗೊಂಡು ಹೋಗಿ. ನಾವು ನಗ್ಗಿದ ಸ್ಟೀಲ್ ಬಾಟಲಿಯನ್ನೇ ಒಯ್ಯುತ್ತಿದ್ದೆವು. ಬಿಸಾಡಲು ನಾನು ಹೊರಟಿದ್ದೆ, ಸೋರೋದಿಲ್ಲ ಇರಲಿ ಅಂತ ಇವಳು ಇಟ್ಟುಕೊಂಡಳು.

ಗುರುವಾರ ರಜೆ. ಫೋನ್ ಮಾಡಿಯೇ ಹೋಗಿ. ಗೂಗಲ್ ಪೇ ನಡೆಯುತ್ತದೆ. ದುಡ್ಡು ಕಷ್ಟ ಅಂದರೆ ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ಕಿಗೆ ಹೋಗಿ. ಅಲ್ಲಿ ನಿಮ್ಮ ಬೀದಿಯವರು ಸಿಕ್ಕರೆ, ಅವರೂ ಯಾಕೆ ಬಂದಿದ್ದಾರೆ ಅಂತ ನೀವೂ ಕೇಳಬಹುದು.

ನಾನು ಐದಕ್ಕೆ ನಾಲ್ಕು ಸ್ಟಾರ್ ಹಾಕಿದ್ದೆ. ಮಗ ಓದಿ ಮೂರೂವರೆ ಮಾಡು ಅಂದ. ಯಾಕೋ ಅಂದೆ. ಒಳಗಿನ ಕೋಣೆ ಫ್ಯಾನು ಕಿರುಗುಡುತ್ತೆ, ಹೋದ ಏಳು ಸಲವೂ ಹೇಳಿದೀನಿ, ಎಣ್ಣೆ ಹಾಕಿಲ್ಲ ಅಂದ.